ಕಿರುಬೆರಳಿನ ಹೆಸರು

ಆಗಸ್ಟ್ ೪, ಭಾನುವಾರ

ಅಕ್ಕನ ಮನೆಯಿಂದ ಈಗ ಬಂದೆ. ಕೈತುಂಬ ಬೆತ್ತದ ಗೀರು. ನೆನೆಹಾಕಿದ ಬೆತ್ತ ಬಕೆಟ್ಟಿನಿಂದ ಎಳೆದು ಕೊಡುವುದು ನನ್ನ ಕೆಲಸ, ಹೆಣೆಯುವುದು ಅವಳದು. ಭಾನುವಾರ ಅಂದರೆ ಅಷ್ಟೇ. ಈ ಸಲ ಯಾವುದೋ ಕ್ಲಬ್ಬಿನ ಕುರ್ಚಿಗಳು. ಎಲ್ಲದರ ಸೀಟೂ ಒಂದೇ ಜಾಗದಲ್ಲಿ ಕಿತ್ತಿದೆ. ಅಲ್ಲಿಗೆ ಬರುವವರಿಗೆಲ್ಲ ಹಿಂಭಾಗ ಒಂದೇ ಅಳತೆ ಅಂತ ಅಕ್ಕ ಸನ್ನೆ ಮಾಡಿ, ತಾನೇ ನಕ್ಕು, ಬೆತ್ತ ಕೈಜಾರಿ, ಮತ್ತೆ ಮೊದಲಿನಿಂದ. ಕಿವಿ ಕೇಳುವವರು ಕೆಲಸ ಮಾಡುತ್ತಲೇ ಹರಟುತ್ತಾರೆ. ನಮ್ಮಲ್ಲಿ ಮಾತೆಲ್ಲ ಕೈಯಲ್ಲೇ, ಹರಟಿದರೆ ಕೆಲಸ ನಿಲ್ಲುತ್ತದೆ.

ಮನೆ ಬಿಡು ಅಂತ ಮತ್ತೆ ಹೇಳಿದೆ. ನೆಲಮಟ್ಟದ ಮನೆ, ಹಿಂಬಾಗಿಲು ತೆಗೆದರೆ ಕಾಲುವೆಯ ಏರಿ. ಉತ್ತರ ಹಳೆಯದೇ — ನಿನ್ನ ಎರಡು ಕೋಣೆಯಲ್ಲಿ ನಾನಿರಬೇಕೋ, ನನ್ನ ಕುರ್ಚಿಗಳೋ? ಮೇಲಿನ ಮನೆ ಕಂಡಕ್ಟರ್ ಇದ್ದಾನಲ್ಲ ಅಂದಳು. ಹೌದು, ಬಸ್ಸಿನಲ್ಲಿ ದಿನವಿಡೀ ಕಿರುಚಿಕೊಂಡರೂ ಮನುಷ್ಯ ಒಳ್ಳೆಯವನು. ಕರೆಗಂಟೆ ಒತ್ತಿದರೆ ಒಳಗೆ ಕೆಂಪು ಬಲ್ಬು ಮಿನುಗುವ ಹಾಗೆ ವೈರ್ ಎಳೆದುಕೊಟ್ಟವನು ಅವನೇ. ಅಕ್ಕನಿಗೆ ಆ ಬಲ್ಬೇ ಕಿವಿ.

ಆಗಸ್ಟ್ ೧೩

ಕಾಲುವೆ ನೀರಿನ ಎಚ್ಚರಿಕೆ. ಆಯುಕ್ತರ ಪತ್ರಿಕಾಗೋಷ್ಠಿ, ನೇರಪ್ರಸಾರ. ಅವರ ಎಡಕ್ಕೆ ನಾನು, ಅವರ ಮಾತನ್ನು ಸನ್ನೆಭಾಷೆಗೆ ತರಲು, ಎಂದಿನಂತೆ ಕಪ್ಪು ಬಟ್ಟೆಯಲ್ಲಿ. ಕೈ ಎದ್ದು ಕಾಣಲಿ ಅಂತ ಕಪ್ಪು. ‘ನೀರಿನ ಮಟ್ಟ ಏರುವ ಸಾಧ್ಯತೆ ಇದ್ದು ಕಾಲುವೆ ಪಕ್ಕದ ನಿವಾಸಿಗಳು ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು’ ಅಂತ ಓದಿದರು, ದಿನಸಿ ಪಟ್ಟಿ ಓದುವ ದನಿಯಲ್ಲಿ. ಆ ದನಿ ನನ್ನ ಕೈಗೆ ಬರುವುದಿಲ್ಲ. ಎರಡೂ ಕೈ ಹೊಟ್ಟೆಯಿಂದ ಕುತ್ತಿಗೆವರೆಗೆ ಏರಿಸಿದೆ. ಕೆನ್ನೆ ಉಬ್ಬಿಸಿದೆ, ಕಣ್ಣು ಅಗಲಿಸಿದೆ. ನೀರು ಅನ್ನುವುದು ಕೈ, ಎಷ್ಟು ನೀರು ಅನ್ನುವುದು ಕೆನ್ನೆ. ಆಮೇಲೆ ಅಂಗೈ ಎರಡೂ ಹೊರಕ್ಕೆ ಬೀಸಿ — ಬಿಟ್ಟು ಹೊರಡಿ.

ಅಕ್ಕ ಟೀವಿಯಲ್ಲಿ ನೋಡಿ, ಅರ್ಧ ಹೆಣೆದ ಕುರ್ಚಿ ಹೊತ್ತುಕೊಂಡು ಕಂಡಕ್ಟರ್ ಮನೆಗೆ ಹತ್ತಿದಳಂತೆ. ನೀರು ಮೆಟ್ಟಿಲು ಮುಟ್ಟಿ ವಾಪಸ್ಸು ಹೋಯಿತು. ಮೆಸೇಜ್ ಹಾಕಿದ್ದಳು: ನಿನ್ನ ಕೆನ್ನೆ ನೋಡಿ ಓಡಿದೆ.

ಆಗಸ್ಟ್ ೧೬

ಔಷಧಿ ಅಂಗಡಿಯವನು ಮಾತ್ರೆ ಕೊಡುತ್ತ, ‘ನೀವೇ ಅಲ್ವಾ ಮೇಡಂ’ ಅಂತ ಮೊಬೈಲ್ ತಿರುಗಿಸಿ ತೋರಿಸಿದ. ನಾನೇ. ಕೆನ್ನೆ ಉಬ್ಬಿಸಿ, ಕೈ ಏರಿಸಿ, ಹೊರಕ್ಕೆ ಬೀಸಿ, ಮತ್ತೆ ಕೆನ್ನೆ ಉಬ್ಬಿಸಿ... ಹಿಂದೆ ಡೋಲು, ಶಿಳ್ಳೆ. ಮೇಲೆ ದಪ್ಪ ಅಕ್ಷರದಲ್ಲಿ ‘ಬಲೂನ್ ಮೇಡಂ’. ಪಾಪ, ಖುಷಿಯಿಂದಲೇ ತೋರಿಸಿದ. ನಾನೂ ನಕ್ಕೆ. ಯಾಕೆ ನಕ್ಕೆನೋ.

ಆಗಸ್ಟ್ ೧೭

ಓದಬಾರದು ಅಂದುಕೊಂಡೇ ಕೂತು ಓದಿದೆ. ಹಲ್ಲುನೋವಾ ಮೇಡಂ? ಯಾರಾದ್ರೂ ಡಾಕ್ಟರ್ ಕರೀರಪ್ಪ. ಇದಕ್ಕೂ ಸಂಬಳ ಕೊಡ್ತಾರಾ, ನಮ್ಮ ತೆರಿಗೆ ದುಡ್ಡಲ್ಲಿ? ಮೂಗಿ ಡ್ಯಾನ್ಸ್. ಇಲ್ಲಿಯವರೆಗೆ ಸರಿ, ನುಂಗಿಕೊಳ್ಳಬಹುದು. ಆಮೇಲಿನವು ಬರೆಯುವಂಥದ್ದಲ್ಲ. ಆ ಕೆನ್ನೆ, ಆ ಬಾಯಿ ಬೇರೆ ಯಾವುದಕ್ಕೆ ಬರುತ್ತೆ ಅಂತ...

ಎಲ್ಲರಿಗಿಂತ ಹೊಲಸಾಗಿ ಬರೆದವನ ಪ್ರೊಫೈಲ್ ತೆಗೆದು ನೋಡಿದೆ. ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ಫೋಟೋ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ, ‘ಶುಭೋದಯ, ಎಲ್ಲರಿಗೂ ಒಳ್ಳೆಯದಾಗಲಿ’. ನನಗೆ ಬರೆದದ್ದೂ ಬೆಳಿಗ್ಗೆಯೇ. ಹೂವು ಹಾಕಿದ ಕೈಯಲ್ಲೇ, ಕಾಫಿ ಆರುವುದರೊಳಗೆ.

ಸ್ನಾನ ಮಾಡಿದೆ. ಕನ್ನಡಿ ನೋಡಿಕೊಳ್ಳಲಿಲ್ಲ.

ಆಗಸ್ಟ್ ೨೧

ಮಾಹಿತಿ ಅಧಿಕಾರಿ ಕರೆದರು. ಬಹಳ ಮರ್ಯಾದೆಯಿಂದ ಕೂರಿಸಿ, ಬಹಳ ಬೇಜಾರಾಯಿತು ಅಂದರು. ದೂರು ಕೊಡೋಣ ಅಂದೆ. ಕೊಟ್ಟರೆ ಇನ್ನೂ ಹಬ್ಬುತ್ತದೆ ಅಂದರು. ನಾಲ್ಕು ದಿನ ಆಡಿ ಮರೆಯುತ್ತಾರಂತೆ. ಕೊನೆಗೆ ಮೇಜಿನ ಮೇಲಿನ ಪೇಪರ್‌ವೆಯ್ಟ್ ತಿರುಗಿಸುತ್ತ ಅಸಲು ವಿಷಯಕ್ಕೆ ಬಂದರು.

‘ಕೈ ಮಾಡಿ ಮೇಡಂ, ಬೇಡ ಅನ್ನಲ್ಲ. ಮುಖ ಮಾತ್ರ ಸ್ವಲ್ಪ ಕಮ್ಮಿ ಮಾಡಿ.’

ನೀವು ಮಾತಾಡುವಾಗ ಉಸಿರು ಸ್ವಲ್ಪ ಕಮ್ಮಿ ಮಾಡುತ್ತೀರಾ ಅಂತ ಕೇಳಬೇಕಿತ್ತು. ಇಂಥ ಉತ್ತರ ನನಗೆ ಮೆಟ್ಟಿಲು ಇಳಿದ ಮೇಲೆಯೇ ಹೊಳೆಯುವುದು. ಅಲ್ಲಿ ‘ಆಯ್ತು ಸರ್’ ಅಂದು ಬಂದೆ.

ಆಗಸ್ಟ್ ೨೫, ಭಾನುವಾರ

ಅಕ್ಕ ಬಾಗಿಲಲ್ಲೇ ಹಿಡಿದುಕೊಂಡಳು. ಕೈ ಒಂದಕ್ಕೊಂದು ತಗಲುವಷ್ಟು ಅವಸರ. ಮಾರ್ಕೆಟ್‌ನಲ್ಲಿ ಹುಡುಗಿಯರು ಅವಳನ್ನು ನೋಡಿ ಸನ್ನೆಭಾಷೆಯಲ್ಲಿ ಮಾತಾಡಿಸಿದರಂತೆ! ಅವಳು ತರಕಾರಿಯವಳಿಗೆ ಕೈಯಲ್ಲಿ ಏನೋ ಕೇಳುತ್ತಿದ್ದಾಗ. ನೀರು ಏರುತ್ತಿದೆ, ಹೊರಡಿ — ಸ್ಪಷ್ಟವಾಗಿ, ಕೆನ್ನೆ ಸಮೇತ. ಬಸ್ ಸ್ಟಾಪಿನಲ್ಲೂ ಒಬ್ಬ. ಹಾಲಿನ ಅಂಗಡಿಯಲ್ಲೂ. ಟೀವಿ ನೋಡಿ ಜನ ಕಲಿಯುತ್ತಿದ್ದಾರೆ, ಕಷ್ಟದ್ದನ್ನೇ ಮೊದಲು ಕಲಿತಿದ್ದಾರೆ, ನಿನ್ನಿಂದ ಅಂದಳು.

ಇಷ್ಟು ವಯಸ್ಸಾಗಿದೆ ಅವಳಿಗೆ. ಅಮ್ಮ ಮತ್ತು ನಾನು ಬಿಟ್ಟರೆ, ಕಿವಿ ಕೇಳುವ ಒಬ್ಬರೂ ಇದುವರೆಗೆ ಅವಳ ಭಾಷೆಯಲ್ಲಿ ಒಂದು ಪದ ಆಡಿದ್ದಿಲ್ಲ. ಅವರಿಗೆಲ್ಲ ಅವಳು ಹೇಳಿದ್ದು ಒಂದೇ ಅಂತೆ. ಮಾಡಿ ತೋರಿಸಿದಳು: ಕಿರುಬೆರಳಿನಿಂದ ಗದ್ದ ಎರಡು ಸಲ ಒರೆಸಿ, ಅಂಗೈ ಎದೆಗೆ. ನನ್ನ ತಂಗಿ. ಅವಳು ನನ್ನ ತಂಗಿ.

ಗದ್ದದ ಮೇಲಿನ ಕಿರುಬೆರಳು ನನ್ನ ಹೆಸರು. ಚಿಕ್ಕವಳಿದ್ದಾಗ ಗದ್ದಕ್ಕೆ ಅನ್ನ ಮೆತ್ತಿಕೊಂಡೇ ಊಟ ಮುಗಿಸುತ್ತಿದ್ದೆನಂತೆ. ಶಾಲೆ, ಕಚೇರಿ, ಬ್ಯಾಂಕಿನಲ್ಲಿ ಇರುವುದು ಬೇರೆ ಹೆಸರು, ಅದು ಬಾಯಿಯವರಿಗೆ. ಇದು ಅಕ್ಕ ಇಟ್ಟದ್ದು.

ಹೇಳಬೇಕಿತ್ತು. ಹೇಳಲಿಲ್ಲ. ಅವಳ ಮುಖ ನೋಡಿ ಬಾಯಿ ಕಟ್ಟಿತು... ಕೈ ಕಟ್ಟಿತು.

ಸೆಪ್ಟೆಂಬರ್ ೧, ಭಾನುವಾರ

ಕಂಡಕ್ಟರನೂ. ಮೆಟ್ಟಿಲಿಳಿದು ಡ್ಯೂಟಿಗೆ ಹೋಗುತ್ತಿದ್ದವನು ಅಕ್ಕನನ್ನು ಕಂಡು ನಿಂತು, ಕೆನ್ನೆ ಉಬ್ಬಿಸಿ, ಕೈ ಏರಿಸಿ, ಹೊರಕ್ಕೆ ಬೀಸಿ, ಹಲ್ಲು ಬಿಟ್ಟ. ಹಿಂದೆ ನಾನು ನಿಂತದ್ದು ಅವನಿಗೆ ಕಾಣಲಿಲ್ಲ. ಕಂಡ ಕೂಡಲೇ ಕೈ ಎರಡನ್ನೂ ಜೇಬಿಗೆ ಹಾಕಿಕೊಂಡ. ಅಕ್ಕ ಮಾತ್ರ ಚಪ್ಪಾಳೆ ತಟ್ಟಿ, ಹಾಗಲ್ಲ ಹೀಗೆ ಅಂತ ಅವನ ಮೊಣಕೈ ಎತ್ತಿ ಸರಿಮಾಡಿದಳು. ಅವನು ಕಲಿತ. ಬೇರೇನು ಮಾಡಿಯಾನು.

ಸೆಪ್ಟೆಂಬರ್ ೩

ಬರೆದರೆ ಇಳಿದೀತು ಅಂತ ಕೂತಿದ್ದೇನೆ.

ಅಂಗವಿಕಲರ ಸೇವಾ ಕೇಂದ್ರದ ಉದ್ಘಾಟನೆ. ಮುಂದಿನ ಸಾಲು ಪೂರ್ತಿ ಕಿವುಡರ ಸಂಘದವರು, ಎರಡನೇ ಕುರ್ಚಿಯಲ್ಲಿ ಅಕ್ಕ. ನೀಲಿ ಸೀರೆ. ಆಯುಕ್ತರು ಭಾಷಣಕ್ಕೆ ನಿಂತರು, ಪಕ್ಕದಲ್ಲಿ ನಾನು. ಮುಖ ಕಮ್ಮಿ ಮಾಡಿಕೊಂಡೇ ಶುರು ಮಾಡಿದೆ. ಮೂರು ಮಾತು ಆಗಿರಬೇಕು. ಆಯುಕ್ತರು ಕಾಗದ ಮಡಚಿ ನನ್ನ ಕಡೆ ತಿರುಗಿದರು.

‘ನಮ್ಮ ಬಲೂನ್ ಮೇಡಂ ಇರೋವಾಗ ನನ್ನ ಭಾಷಣ ಯಾರಿಗೆ ಬೇಕು? ಇವರ ಮುಖ ನೋಡೋಕೇ ನೀವೆಲ್ಲ ಬಂದಿರೋದು.’

ಅಂದು, ಮೈಕಿನ ಮುಂದೆಯೇ ಕೆನ್ನೆ ಉಬ್ಬಿಸಿ ಕೈ ಏರಿಸಿದರು. ಹಿಂದಿನ ಸಾಲುಗಳು ಬಿದ್ದು ಬಿದ್ದು ನಕ್ಕವು. ಮಾಹಿತಿ ಅಧಿಕಾರಿಯೂ.

ಹೇಳಿದ್ದನ್ನೆಲ್ಲ ಕೈಗೆ ತರಬೇಕು. ಬಿಡುವ ಹಾಗಿಲ್ಲ, ಸೇರಿಸುವ ಹಾಗಿಲ್ಲ. ಇಷ್ಟು ವರ್ಷ ಈ ಒಂದು ನಿಯಮದ ಮೇಲೆ ನಿಂತಿದ್ದೇನೆ. ಡಾಕ್ಟರು ‘ಉಳಿಯೋದಿಲ್ಲ’ ಅಂದಾಗ ಅದನ್ನೇ ಹೇಳಿದ್ದೇನೆ, ಕೋರ್ಟಿನಲ್ಲಿ ಬೈದದ್ದನ್ನು ಬೈದ ಹಾಗೇ ಹೇಳಿದ್ದೇನೆ. ಇವತ್ತೂ ಹೇಳಿದೆ. ಇವರು ನನ್ನನ್ನು ಬಲೂನ್ ಅನ್ನುತ್ತಿದ್ದಾರೆ. ನನ್ನ ಮುಖ ತಮಾಷೆ ಅನ್ನುತ್ತಿದ್ದಾರೆ. ಹಿಂದೆ ಎಲ್ಲರೂ ನಗುತ್ತಿದ್ದಾರೆ. ಒಂದಕ್ಷರ ಬಿಡಲಿಲ್ಲ.

ಮುಂದಿನ ಸಾಲು ನಗಲಿಲ್ಲ. ಅಕ್ಕ ತಿರುಗಿ ಹಿಂದಿನವರನ್ನು ನೋಡಿದಳು. ಅವರಲ್ಲಿ ಕೆಲವರು ಕೆನ್ನೆ ಉಬ್ಬಿಸಿಕೊಂಡು ಕೈ ಏರಿಸುತ್ತಿದ್ದರು. ಒಬ್ಬೊಬ್ಬರನ್ನೇ ನೋಡಿದಳು. ನಂತರ ನನ್ನನ್ನು.

ಸೆಪ್ಟೆಂಬರ್ ೪

ರಜೆ ಹಾಕಿ ಅವಳ ಮನೆಗೆ ಹೋದೆ. ಕುರ್ಚಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಬಕೆಟ್ಟಿನ ಬೆತ್ತ ಒಣಗಿ ಸೆಟೆದಿತ್ತು. ತಾನೇ ಶುರುಮಾಡಿದಳು.

ಮಾರ್ಕೆಟ್ಟಿನ ಹುಡುಗಿಯರೂ?

ಹೌದು.

ಹಾಲಿನ ಅಂಗಡಿಯವನು?

ಹೌದು.

ಮೇಲಿನ ಮನೆಯವನು?

ಹೌದು ಅಂದೆ.

ನನ್ನ ತಂಗಿ ಅಂತ ಹೇಳಿಕೊಂಡು ತಿರುಗಿದೆನಲ್ಲ, ಅಂದಳು. ಅಷ್ಟೇ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ಕೈ ಹಿಡಿದುಕೊಂಡು ಹೇಳಿದೆ, ಅಲ್ಲ, ಹಿಡಿದರೆ ಹೇಳಲಾಗುವುದಿಲ್ಲ, ಬಿಟ್ಟು ಹೇಳಿದೆ: ಇನ್ನು ಯಾರು ಹಾಗೆ ಮಾಡಿದರೂ ನೋಡಬೇಡ. ಮುಖ ತಿರುಗಿಸು. ನೋಡುವವರಿದ್ದರೆ ತಾನೇ ಆಡುತ್ತಾರೆ. ಎರಡು ಸಲ ಹೇಳಿಸಿದೆ ಅವಳ ಕೈಯಲ್ಲಿ, ಮಕ್ಕಳಿಗೆ ಪಾಠ ಒಪ್ಪಿಸಿಕೊಳ್ಳುವ ಹಾಗೆ. ನೋಡುವುದಿಲ್ಲ. ಮುಖ ತಿರುಗಿಸುತ್ತೇನೆ.

ವಾಪಸ್ಸು ಬರುವಾಗ ಕಂಡಕ್ಟರ್ ಸಿಕ್ಕಿದ. ಅವನ ಹೆಂಡತಿ ಮೇಲಿಂದ ನೋಡುತ್ತಿದ್ದಂತೆ ಬಾಯಿಗೆ ಬಂದದ್ದೆಲ್ಲ ಅಂದೆ. ತಲೆ ತಗ್ಗಿಸಿ, ‘ತಪ್ಪಾಯ್ತು ಮೇಡಂ, ಎಲ್ರೂ ಮಾಡ್ತಿದ್ರು ಅಂತ ಮಾಡ್ಬಿಟ್ಟೆ’ ಅಂದ. ಎಲ್ಲರೂ ಬಾವಿಗೆ ಹಾರಿದರೆ ಹಾರುತ್ತೀಯಾ ಅಂದೆ. ಬಸ್ಸಿನಲ್ಲೇ ಅವನ ನಂಬರ್ ಡಿಲೀಟ್ ಮಾಡಿದೆ. ಸಮಾಧಾನ ಆಯಿತು, ನಿಜ ಹೇಳಬೇಕೆಂದರೆ.

ಸೆಪ್ಟೆಂಬರ್ ೮, ಭಾನುವಾರ

ಕಿಟಕಿಗೆ ಪರದೆ ಬಂದಿದೆ. ದಪ್ಪ ಬಟ್ಟೆ. ಹಗಲಲ್ಲೂ ದೀಪ ಹಾಕಿಕೊಂಡು ಹೆಣೆಯುತ್ತಾಳೆ. ಮಾರ್ಕೆಟ್ಟಿಗೆ ಜೊತೆಯಲ್ಲಿ ಹೋದೆ, ದಾರಿಯುದ್ದಕ್ಕೂ ನೆಲ ನೋಡಿಕೊಂಡೇ ನಡೆದಳು. ಉಳಿದವರು ತಲೆ ತಗ್ಗಿಸಿದರೆ ನಾಚಿಕೆ ಅನ್ನಬಹುದು. ಅಕ್ಕ ತಲೆ ತಗ್ಗಿಸಿದರೆ ಕಿವಿ ಮುಚ್ಚಿಕೊಂಡ ಹಾಗೆ. ಹಿಂದಿನಿಂದ ಒಂದು ಸ್ಕೂಟರ್ ಸವರಿಕೊಂಡೇ ಹೋಯಿತು.

ಹೀಗೆ ಹೇಳಬಾರದಿತ್ತೇನೋ. ಬೇರೆ ಹೇಗೆ ಹೇಳಬೇಕಿತ್ತು?

ಸೆಪ್ಟೆಂಬರ್ ೧೯

ಪತ್ರಿಕಾಗೋಷ್ಠಿಗಳಿಂದ ನನ್ನನ್ನು ‘ಸದ್ಯಕ್ಕೆ’ ಕೈಬಿಟ್ಟಿದ್ದಾರೆ. ನಿಮ್ಮ ಒಳ್ಳೆಯದಕ್ಕೇ ಅಂದರು. ಬದಲಿಗೆ ಟೀವಿ ಪರದೆಯ ಅಡಿಯಲ್ಲಿ ಅಕ್ಷರ ಓಡಿಸುತ್ತಾರಂತೆ. ಅಕ್ಕನಂಥವರಿಗೆ ಓದು ಬರುತ್ತದೆ, ಕಾಲುನಡಿಗೆಯಷ್ಟು. ಅದು ಓಡುವುದು ರೈಲಿನ ಹಾಗೆ. ಹೇಳಿದೆ. ‘ಬರೆದು ಕೊಡಿ ಮೇಡಂ, ನೋಡೋಣ’.

ಈಗ ಬರೀ ಆಸ್ಪತ್ರೆ, ಕೋರ್ಟು. ಇವತ್ತು ಒಬ್ಬ ಅಜ್ಜನ ಕಣ್ಣಿನ ಆಪರೇಷನ್. ನರ್ಸ್ ಹೇಳಿದ್ದನ್ನು ಕೈಯಲ್ಲಿ ಹೇಳುತ್ತಿದ್ದೆ. ಅಜ್ಜ ಅರ್ಧದಲ್ಲಿ ತಡೆದು ಕೇಳಿದ — ಯಾಕಮ್ಮ, ನಿನಗೆ ಹುಷಾರಿಲ್ಲವಾ, ಮುಖವೇ ಮಾತಾಡುತ್ತಿಲ್ಲ?

ನನಗೇ ಗೊತ್ತಿಲ್ಲದೆ ಅಭ್ಯಾಸವಾಗಿಬಿಟ್ಟಿದೆ.

ಸೆಪ್ಟೆಂಬರ್ ೨೭, ಮಧ್ಯಾಹ್ನ

ಮೂರು ದಿನದಿಂದ ಬಿಡದ ಮಳೆ. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆಯುತ್ತಾರಂತೆ. ತಕ್ಷಣ ಬನ್ನಿ ಅಂತ ಕಾರು ಕಳಿಸಿದ್ದಾರೆ. ಹಾಗಾದರೆ ನಿಜವಾಗಿಯೂ ದೊಡ್ಡದೇ. ಅಕ್ಕನಿಗೆ ಮೆಸೇಜ್ ಹಾಕಿದೆ: ಮೇಲಿನ ಮನೆಗೆ ಹೋಗು, ಜಗಳ ಮರೆತುಬಿಡು, ಹೋಗು. ಒಂದೇ ಗೀಟು. ತಲುಪಿಲ್ಲ.

ಅದೇ ದಿನ, ಸಂಜೆ

ನೇರಪ್ರಸಾರ ಮುಗಿಯಿತು. ಮುಖ ಕಮ್ಮಿ ಮಾಡಲಿಲ್ಲ. ಇದ್ದಬದ್ದ ಮುಖವನ್ನೆಲ್ಲ ಹಾಕಿದೆ. ನೀರು ಬರುತ್ತಿದೆ, ಕುತ್ತಿಗೆಗೆ ಬರುತ್ತಿದೆ, ಬಿಟ್ಟು ಹೊರಡಿ, ಈಗ, ಈಗಲೇ. ಕ್ಯಾಮೆರಾ ನೋಡಲಿಲ್ಲ, ಅಕ್ಕನ ಟೀವಿಯೊಳಗಿನಿಂದ ಅವಳನ್ನೇ ನೋಡುತ್ತಿದ್ದೇನೆ ಅಂದುಕೊಂಡೆ.

ಕೆಳಗಿಳಿದರೆ ಕಂಪ್ಯೂಟರ್ ಮುಂದೆ ಕೂತ ಹುಡುಗಿ ಪರದೆ ಮರೆಮಾಡಿದಳು. ತೋರಿಸು ಅಂದೆ. ಸಾಲುಸಾಲು ನಗು. ಬಂದ್ಲು ಬಂದ್ಲು. ಬಲೂನ್ ಮೇಡಂ ಪಾರ್ಟ್ ಟೂ. ಇವತ್ತು ಜಾಸ್ತಿ ಗಾಳಿ ತುಂಬಿದ್ದಾರೆ. ಆ ಶುಭೋದಯದ ತಾತನೂ ಇದ್ದ. ಜನ ಮನೆ ಬಿಟ್ಟು ಓಡುವ ಹೊತ್ತಿನಲ್ಲಿ.

ಅದೂ ಹೋಗಲಿ. ಆ ಹುಡುಗಿಯೇ ಹೇಳಿದಳು: ಕಾಲುವೆ ರಸ್ತೆಗೆ ಬೆಳಿಗ್ಗೆಯಿಂದಲೇ ಕರೆಂಟ್ ತೆಗೆದಿದ್ದಾರಂತೆ, ಮುನ್ನೆಚ್ಚರಿಕೆಗೆ.

ಟೀವಿ ಇಲ್ಲ. ಕೆಂಪು ಬಲ್ಬು ಇಲ್ಲ. ಒಂದೇ ಗೀಟು ಇನ್ನೂ. ಕಂಡಕ್ಟರ್ ನಂಬರ್... ಡಿಲೀಟ್ ಮಾಡಿದ್ದೆ. ಕಾಲುವೆ ಕಡೆಗೆ ಯಾವ ಗಾಡಿಯನ್ನೂ ಬಿಡುತ್ತಿಲ್ಲ. ಕಂಟ್ರೋಲ್ ರೂಮಿಗೆ ಹೇಳಿದೆ, ಬರೆದುಕೊಂಡರು. ಅವನು ಕರೆದುಕೊಂಡು ಹೋಗಿರುತ್ತಾನೆ. ಒಳ್ಳೆಯವನು. ಕರೆದುಕೊಂಡೇ ಹೋಗಿರುತ್ತಾನೆ.

ಸೆಪ್ಟೆಂಬರ್ ೨೯

ಅಕ್ಕ ಸಿಕ್ಕಳು. ಕುರ್ಚಿಗಳ ಅಡಿಯಲ್ಲಿ.

ಅಕ್ಟೋಬರ್ ೧೨

ಕಂಡಕ್ಟರ್ ಬಂದಿದ್ದ. ಬಾಗಿಲಲ್ಲೇ ನಿಂತ, ಒಳಗೆ ಬಾ ಅಂದರೂ ಬರಲಿಲ್ಲ. ಬಯ್ಯಿಸಿಕೊಳ್ಳಲು ಸಿದ್ಧನಾಗಿ ಬಂದವನ ಹಾಗೆ ಕೈಕಟ್ಟಿಕೊಂಡಿದ್ದ. ನನಗೆ ಬಯ್ಯುವ ಶಕ್ತಿ ಇರಲಿಲ್ಲ. ಕುರ್ಚಿ ಹೊರಗೆ ತಂದು ಹಾಕಿದೆ, ಅಕ್ಕ ಹೆಣೆದ ಕುರ್ಚಿ. ಅದನ್ನು ನೋಡಿ ನೆಲದ ಮೇಲೆ ಕೂತ.

ಅವನು ಹೇಳಿದ್ದು ಇಷ್ಟು. ಪೊಲೀಸರು ಮೈಕಿನಲ್ಲಿ ಕೂಗಿಕೊಂಡು ಬಂದರು. ಲಾರಿ ಬಂತು. ಬೀದಿಯಲ್ಲಿ ಆಗ ಪಾದ ಮುಳುಗುವಷ್ಟೇ ನೀರು. ಹೆಂಡತಿ ಮಕ್ಕಳನ್ನು ಲಾರಿ ಹತ್ತಿಸಿ ಅಕ್ಕನಿಗೋಸ್ಕರ ವಾಪಸ್ಸು ಬಂದ. ಗಂಟೆ ಒತ್ತಿದ, ಕರೆಂಟ್ ಇಲ್ಲ ಅನ್ನುವುದು ಆಮೇಲೆ ನೆನಪಾಯಿತು. ಬಾಗಿಲು ಬಡಿದ. ಬಡಿದು ಏನು? ಕಿಟಕಿಗೆ ಬಂದು ಟಾರ್ಚ್ ಬಿಟ್ಟು ಆಡಿಸಿದ. ಬೆಳಕು ಕಂಡು ಅಕ್ಕ ಪರದೆ ಸರಿಸಿದಳು. ಮೋಡದ ಕತ್ತಲು, ಅವನು ಅವಳಿಗೆ ಕಾಣಬೇಕಲ್ಲ — ಟಾರ್ಚನ್ನು ಕಿಟಕಿ ಕಟ್ಟೆಯ ಮೇಲೆ ತನ್ನ ಕಡೆ ತಿರುಗಿಸಿ ಇಟ್ಟ. ಕೈ ಎರಡೂ ಖಾಲಿ ಮಾಡಿಕೊಂಡ.

‘ನಂಗೆ ಬರೋದು ಅದೊಂದೇ ಮೇಡಂ. ಅದನ್ನೇ ಮಾಡ್ದೆ.’

ತೋರಿಸು ಅಂದೆ.

ಎದ್ದು ನಿಂತು ತೋರಿಸಿದ. ಕೈ ಹೊಟ್ಟೆಯಿಂದ ಕುತ್ತಿಗೆಗೆ. ಕೆನ್ನೆ ಪೂರ್ತಿ. ಕಣ್ಣು ಅಗಲ. ಅಂಗೈ ಹೊರಕ್ಕೆ. ಅಕ್ಕ ಸರಿಮಾಡಿದ ಮೊಣಕೈ ಕೂಡ ಅಷ್ಟೇ ಎತ್ತರದಲ್ಲಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಕೆನ್ನೆ ಇಳಿಸಲಿಲ್ಲ, ಸರಿಯಾಗಿದೆಯಾ ಅಂತ ನನ್ನನ್ನೇ ನೋಡುತ್ತಿದ್ದ. ಒಂದು ತಪ್ಪೂ ಇರಲಿಲ್ಲ.

ನೋಡಬೇಡ, ಮುಖ ತಿರುಗಿಸು ಅಂದದ್ದು ನಾನು. ಎರಡು ಸಲ ಹೇಳಿಸಿದ್ದು ನಾನು.

‘ನೋಡಿದ್ರು ಮೇಡಂ. ಅರ್ಥ ಆಯ್ತು ಅಂದ್ಕೊಂಡೆ. ಅವರೂ ಏನೋ ಕೈ ಮಾಡಿದ್ರು. ಆಮೇಲೆ ಪರದೆ ಎಳೆದ್ರು. ಬಟ್ಟೆಬರೆ ತಗೊಂಡು ಬರ್ತಾರೆ ಅಂತ ನಿಂತೆ. ಲಾರಿಯವನು ಹಾರ್ನ್ ಹೊಡೀತಾನೇ ಇದ್ದ. ಒಳಗೆ ಒಬ್ಬರಿದ್ದಾರೆ ಅಂದೆ, ಮುಂದಿನ ಟ್ರಿಪ್‌ಗೆ ಬರ್ತೀವಿ ಅಂದ್ರು.’

ಮುಂದಿನ ಟ್ರಿಪ್ಪಿಗೆ ಮೊದಲು ಕಾಲುವೆಯ ಏರಿ ಒಡೆಯಿತು.

ಏನು ಕೈ ಮಾಡಿದಳು ಅಂತ ಕೇಳಿದೆ. ಅವನಿಗೆ ಅದರ ಅರ್ಥ ಗೊತ್ತಿಲ್ಲ, ನೋಡಿದ್ದು ಮಾತ್ರ ನೆನಪಿದೆ. ಕಿರುಬೆರಳು ಗದ್ದಕ್ಕೆ ತಂದ. ಎರಡು ಸಲ ಒರೆಸಿದ. ಅಂಗೈ ಎದೆಗೆ ಇಟ್ಟುಕೊಂಡ.

ಮುಖ ಹೇಗಿತ್ತು ಅಂದೆ. ಅವನಿಗೆ ಪ್ರಶ್ನೆ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿತ್ತಾ, ಏರಿತ್ತಾ? ತುಟಿ ಬಿಗಿದಿತ್ತಾ? ನನ್ನ ತಂಗಿಯನ್ನು ಆಡಿಕೊಳ್ಳುತ್ತೀಯಾ ಅಂತಲಾ? ಇಲ್ಲಾ, ಮೊದಲು ಮಾರ್ಕೆಟ್ಟಿನಲ್ಲಿ ಹೇಳುತ್ತಿದ್ದಳಲ್ಲ, ಹಾಗಾ? ಎರಡು ಅರ್ಥಕ್ಕೂ ಕೈ ಒಂದೇ. ಮುಖ ನೋಡದೆ ಗೊತ್ತಾಗುವುದಿಲ್ಲ ಅಂತ ಅವನ ತೋಳು ಹಿಡಿದು ಅಲುಗಿಸಿದೆ.

ಅಕ್ಕನ ಬೆನ್ನ ಹಿಂದೆ ಬ್ಯಾಟರಿ ದೀಪ ಇತ್ತಂತೆ. ನೆರಳಿನ ಹಾಗೆ ಕಂಡಳಂತೆ.

‘ಟಾರ್ಚ್ ನನ್ನ ಮುಖದ ಮೇಲಿತ್ತು ಮೇಡಂ. ಅವರ ಮುಖ ಕಾಣ್ಲಿಲ್ಲ.’

ಹೋದ. ಕನ್ನಡಿ ಮುಂದೆ ಕೂತಿದ್ದೇನೆ. ಕಿರುಬೆರಳು, ಗದ್ದ, ಎದೆ. ಸಿಟ್ಟಿನಲ್ಲಿ ಒಂದು ಸಲ. ಹೆಮ್ಮೆಯಲ್ಲಿ ಒಂದು ಸಲ. ಮತ್ತೆ ಸಿಟ್ಟಿನಲ್ಲಿ. ಅಕ್ಕನ ಮುಖ ನನ್ನ ಮುಖದ ಮೇಲೆ ಬರುತ್ತದೇನೋ ಅಂತ. ಕೈ ಬರುತ್ತದೆ. ಮುಖ...